ಗಾಜಿನ ಮೇಲೆ ಗಾಂಧಾರ



ಕಳೆದ ಭಾನುವಾರ ಸಂಜೆ ಬಸವೇಶ್ವರನಗರದ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ಹೆಸರು ಬರೆಯುವುದಿಲ್ಲ, ಓದಿದಾಗ ಅವನಿಗೇ ತಿಳಿದೀತು. ಈಗ ವಿಜಯನಗರದಲ್ಲಿ ವಾಸ, ತಲೆಯಲ್ಲಿ ನನಗಿಂತ ಹೆಚ್ಚು ನರೆ. ಚೀಲದಿಂದ ನಿಘಂಟಿನ ಗಾತ್ರದ ಒಂದು ಸಿಂಥಸೈಜರ್ ಪೆಟ್ಟಿಗೆಯನ್ನು ತೆಗೆದು ಟಿ.ವಿ. ಪಕ್ಕದಲ್ಲಿಟ್ಟು, ಸ್ಪೀಕರಿಗೆ ಜೋಡಿಸಿ, ತಾನು ಟ್ಯಾಬ್ಲೆಟ್ ಹಿಡಿದುಕೊಂಡು ಹೊರಗೆ ಜಗುಲಿಯಲ್ಲಿ ಕುಳಿತ. ಅಲ್ಲಿ ಗಾಜಿನ ಮೇಲೆ ಬೆರಳಿಟ್ಟರೆ ಇಲ್ಲಿ ನಡುಮನೆಯಲ್ಲಿ ಷಡ್ಜ ನುಡಿಯಿತು. ನಡುವೆ ಒಂದು ತಂತಿಯೂ ಇಲ್ಲ.

"ಸಾರ್, ನೀವು ಕಿತ್ತುಕೊಂಡ ಡಬ್ಬಿಯ ಮೊಮ್ಮಗ ಇದು" ಎಂದ.

1992 ಇರಬೇಕು, ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಎಸ್.ಪಿ. ರಸ್ತೆಯಿಂದ 555 ಎಂಬ ಐ.ಸಿ. ತಂದು, ಸೋಪಿನ ಡಬ್ಬಿಯೊಳಗೆ ಬ್ಯಾಟರಿ, ಪುಟ್ಟ ಸ್ಪೀಕರುಗಳೊಡನೆ ಕೂರಿಸಿದ್ದ. ಗುಂಡಿ ತಿರುಗಿಸಿದರೆ ಸ್ವರ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಬೆಳಕಿನ ವಕ್ರೀಭವನ ವಿವರಿಸುತ್ತಿದ್ದಾಗ ಕೊನೆಯ ಬೆಂಚಿನಿಂದ ಜೀರುಂಡೆಯ ಸದ್ದು ಬಂತು. ಕಿತ್ತುಕೊಂಡು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟೆ. ವರ್ಷದ ಕೊನೆಗೆ ಕೊಡೋಣವೆಂದುಕೊಂಡವನು ಮರೆತೆ. ಭೌತಶಾಸ್ತ್ರದ ಮೇಷ್ಟ್ರೊಬ್ಬ ತನ್ನ ತರಗತಿಯಲ್ಲಿ ಕಂಡ ಅತ್ಯುತ್ತಮ ಪ್ರಯೋಗವನ್ನು ಬೀರುವಿಗೆ ಹಾಕಿ ಬೀಗ ಜಡಿದನೆಂಬುದು ನನಗೆ ಹೊಳೆಯಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅವನು ಹೇಳಿದ್ದನ್ನು, ನಾನು ಆಮೇಲೆ ಓದಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಟ್ಯಾಬ್ಲೆಟ್ ಹಾಡುವುದಿಲ್ಲ, ಅಪ್ಪಣೆ ಮಾತ್ರ ಕೊಡುತ್ತದೆ. ಎಷ್ಟನೆಯ ಸ್ವರ, ಎಷ್ಟು ಬಲ, ಯಾವಾಗ ನಿಲ್ಲಬೇಕು, ಇಷ್ಟೇ. ನಾದ ಹುಟ್ಟುವುದು ಪೆಟ್ಟಿಗೆಯೊಳಗೆ. ಈ ಅಪ್ಪಣೆಗಳ ಭಾಷೆಯ ಹೆಸರು ಮಿಡಿ. ನಮ್ಮ ಕನ್ನಡದ ‘ಮಿಡಿ’ಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಹೆಸರು ಚೆನ್ನಾಗಿ ಒಪ್ಪುತ್ತದೆ! 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯಪ್ರದರ್ಶನದಲ್ಲಿ, ಪರಸ್ಪರ ಸ್ಪರ್ಧಿಗಳಾಗಿದ್ದ ಎರಡು ಕಂಪನಿಗಳ ಸಿಂಥಸೈಜರುಗಳನ್ನು ತಂತಿಯಿಂದ ಜೋಡಿಸಿದರು. ಒಂದರ ಕೀಲಿ ಒತ್ತಿದರೆ ಇನ್ನೊಂದು ನುಡಿಯಿತು. ಆ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಓಡುತ್ತವೆ. ಒಂದು ಸ್ವರದ ಅಪ್ಪಣೆಗೆ ಹೆಚ್ಚು ಕಡಿಮೆ ಒಂದು ಮಿಲಿಸೆಕೆಂಡು ಸಾಕು. 2010ರಲ್ಲಿ ಐಪ್ಯಾಡ್ ಬಂತು. 2015ರಲ್ಲಿ ಮಿಡಿಯನ್ನು ಬ್ಲೂಟೂತ್ ಮೂಲಕ ಕಳುಹಿಸುವ ಕ್ರಮ ನಿಗದಿಯಾಗಿ, ಆ ತಂತಿಯೂ ಬೇಡವಾಯಿತು.

ನಿಸ್ತಂತು ಅಂದರೆ ತಡವಾಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದಂತೆ. ಹತ್ತು ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ (ಮರೆತಿಲ್ಲ ತಾನೆ?), ಹತ್ತು ಮಿಲಿಸೆಕೆಂಡಿನಲ್ಲಿ ಅದು 3.4 ಮೀಟರ್ ಸಾಗುತ್ತದೆ. ಕಚೇರಿಯಲ್ಲಿ ಮೃದಂಗದವರಿಂದ ಹನ್ನೊಂದು ಅಡಿ ದೂರ ಕುಳಿತವನಿಗೂ ಅಷ್ಟೇ ತಡ. ಅದನ್ನು ಯಾರೂ ದೂರಿದ್ದಿಲ್ಲ.

ದೂರಬೇಕಾದ ಸಂಗತಿ ಬೇರೆ. ಮಿಡಿಯಲ್ಲಿ ಸ್ವರಗಳಿಗೆ 0ರಿಂದ 127ರವರೆಗೆ ಅಂಕಿ, ಸ್ಥಾಯಿಗೆ ಹನ್ನೆರಡರಂತೆ. ಪಿಯಾನೋದ ಕೀಲಿಮಣೆಯನ್ನೇ ಕಣ್ಣಮುಂದಿಟ್ಟುಕೊಂಡು ಮಾಡಿದ ಲೆಕ್ಕ ಇದು. ನಮ್ಮ ಸಂಗೀತದಲ್ಲಾದರೋ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ತೋಡಿಯ ಗಾಂಧಾರವನ್ನು ಅಲುಗಾಡದಂತೆ ಹಿಡಿದರೆ ತೋಡಿಯೇ ಇಲ್ಲ. ಹಾರ್ಮೋನಿಯಂ ಮೇಲಿದ್ದ ಆಕ್ಷೇಪಣೆಯೂ ಇದೇ ತಾನೆ? 1940ರಲ್ಲಿ ಆಲ್ ಇಂಡಿಯಾ ರೇಡಿಯೋ (ಅದಕ್ಕಿನ್ನೂ ನಮ್ಮ ಮೈಸೂರಿನ ‘ಆಕಾಶವಾಣಿ’ ಎಂಬ ಹೆಸರು ಬಂದಿರಲಿಲ್ಲ) ಅದನ್ನು ಬಾನುಲಿಯಿಂದ ಹೊರಗಿಟ್ಟಿತು. ನಿರ್ಬಂಧ ಸ್ವಲ್ಪ ಸಡಿಲವಾದದ್ದು 1971ರಲ್ಲಿ.

ಅಷ್ಟರಲ್ಲಿ, 1969ರಲ್ಲೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಆ ಯಂತ್ರದಲ್ಲಿ ವೋಲ್ಟೇಜು ಏರಿದಂತೆ ಸ್ವರ ಏರುತ್ತಿತ್ತು, ಮೆಟ್ಟಿಲುಗಳ ಹಂಗಿಲ್ಲದೆ. ಸೋಪಿನ ಡಬ್ಬಿಯದೂ ಅದೇ ಕುಲ.

ನಮ್ಮ ಬೆಂಗಳೂರಿನ ಕೊಡುಗೆಯನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆಗಳು ಮನೆಮನೆಗೂ ಬಂದವು. ಮುಂದೆ ಡಿಜಿಟಲ್ ವೀಣೆಯೂ ಬಂತು. ಇಲ್ಲಿ ಯಂತ್ರವನ್ನು ಕಟ್ಟಿದವರು ಹಾಡುಗಾರಿಕೆಯ ಅಗತ್ಯದಿಂದ ಹೊರಟರು, ಕೀಲಿಮಣೆಯಿಂದಲ್ಲ. ನನ್ನ ಹೆಂಡತಿಯೂ ಮದುವೆಯಲ್ಲಿ ತಂದ ತಂಬೂರಿಯನ್ನು ಮೂಲೆಗಿಟ್ಟು ಅಂಥ ಪೆಟ್ಟಿಗೆಯನ್ನೇ ಹಾಕಿಕೊಂಡು ಪಾಠ ಹೇಳಿದವಳು.

ಟ್ಯಾಬ್ಲೆಟಿನ ವಿಶೇಷ ನನಗೆ ಕಂಡದ್ದು ಇಲ್ಲಿ. ಮಿಡಿಯಲ್ಲಿ ಸ್ವರವನ್ನು ಬಗ್ಗಿಸುವ ಅಪ್ಪಣೆಯೊಂದು ಮೊದಲಿನಿಂದಲೂ ಇದೆ. ಅದರ ಹಂತಗಳು 16,384. ಕೀಲಿಮಣೆಯಲ್ಲಿ ಅದಕ್ಕೆ ಪಕ್ಕದಲ್ಲೊಂದು ಚಕ್ರ, ಅದನ್ನು ಎಡಗೈಯಲ್ಲಿ ತಿರುಗಿಸಬೇಕು. ಗಾಜಿನ ಮೇಲೆ ಹಾಗಲ್ಲ, ಸ್ವರ ಹಿಡಿದ ಬೆರಳೇ ಜಾರುತ್ತದೆ. ಪ್ರತಿ ಬೆರಳೂ ತನ್ನ ಸ್ವರವನ್ನು ಬೇರೆ ಬೇರೆಯಾಗಿ ಬಗ್ಗಿಸುವ ಏರ್ಪಾಡಿಗೆ 2018ರಲ್ಲಿ ಒಪ್ಪಿಗೆ ದೊರೆಯಿತು. ಮನೆಗಳಿಲ್ಲದ ಗೋಟುವಾದ್ಯದ ಮೇಲೆ ಮರದ ತುಂಡು ಜಾರುವುದನ್ನು ನೋಡಿದವರಿಗೆ ಇದು ತೀರ ಅಪರಿಚಿತವೆನಿಸದು. ಹಾರ್ಮೋನಿಯಮ್ಮಿಗಿಂತ ಈ ಗಾಜು ನಮಗೆ ಹತ್ತಿರದ ನೆಂಟ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಬರೆಯಿರಿ.

ಮನೆಯಲ್ಲಂತೂ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಶಿಷ್ಯ ಬಹಳ ಉತ್ಸಾಹದಿಂದ ತೋಡಿ ನುಡಿಸಿದ. ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಜಾರು ಬಂತು ಕಣಪ್ಪ. ಗಾಂಧಾರ ಬರಲಿಲ್ಲ."

"ಗಾಜು ನುಣುಪು ಅಮ್ಮ, ಎಲ್ಲಿ ನಿಲ್ಲಬೇಕೋ ಬೆರಳಿಗೆ ಗೊತ್ತಾಗಲ್ಲ."

"ಗಂಟಲಲ್ಲಿ ಏನು ಗುರುತು ಹಾಕಿರ್ತಾರೆ?"

ಅವನು ನಕ್ಕುಬಿಟ್ಟ. ಆಕೆ ಜಗುಲಿಯ ಮೆಟ್ಟಿಲ ಮೇಲೆ ಕುಳಿತು ಆ ಗಾಂಧಾರವನ್ನು ಹಾಡಿ ತೋರಿಸಿದಳು. ಅವನು ಗಾಜಿನ ಮೇಲೆ ಹಿಂಬಾಲಿಸಿದ. ಹತ್ತು ಸಲವಾದರೂ ಆಗಿರಬೇಕು. ಒಳಗೆ ಖಾಲಿ ನಡುಮನೆಯಲ್ಲಿ ಪೆಟ್ಟಿಗೆ ಒಂದೇ ತಪ್ಪುತ್ತ, ತಿದ್ದಿಕೊಳ್ಳುತ್ತ ಹಾಡುತ್ತಿತ್ತು. ಎಂಟೂವರೆಯ ಹೊತ್ತಿಗೆ ಒಂದು ಸಲ, ಒಂದೇ ಸಲ, ಆಕೆ ತಲೆಯಾಡಿಸಿದಳು.

ಹೊರಡುವಾಗ ಸೋಪಿನ ಡಬ್ಬಿಯ ವಿಷಯವಾಗಿ ಅವನಲ್ಲಿ ಕ್ಷಮೆ ಕೇಳಿದೆ. "ಬಿಡಿ ಸಾರ್, ಅದರ ಬ್ಯಾಟರಿ ಆಗಲೇ ಮುಗೀತಾ ಬಂದಿತ್ತು" ಎಂದ. ಮುಂದಿನ ಭಾನುವಾರವೂ ಬರುತ್ತಾನೆ. ಪೆಟ್ಟಿಗೆಯ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ತರಬೇಕೆಂದು ಆಕೆಯ ಆಜ್ಞೆಯಾಗಿದೆ.