ಕಡಲ ಹೂಳಿನಲ್ಲಿ ಸಾವಯವ ಇಂಗಾಲ ಮತ್ತು ಸಾರಜನಕದ ಅಳತೆ

ಸತ್ತ ಪ್ಲವಕಗಳಿಂದಲೂ ನದಿಗಳು ಹೊತ್ತು ತಂದ ಎಲೆ, ಮಣ್ಣುಗಳಿಂದಲೂ ಕಡಲತಳ ಸೇರಿದ ಇಂಗಾಲ, ಸಾರಜನಕಗಳನ್ನು ಹೂಳಿನ ಒಣತೂಕದ ಶೇಕಡಾವಾರಿನಲ್ಲಿ ಅಳೆಯುವ ವಿಶ್ಲೇಷಣೆ. ಆಳಸಾಗರದ ಕೆಂಜೇಡಿಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ. 0.5ಕ್ಕೂ ಕಡಿಮೆ. ಭಾರತದ ಪಶ್ಚಿಮ ಕರಾವಳಿಯಾಚೆಯ ಇಳಿಜಾರಿನಲ್ಲಿ, ಸುಮಾರು 150ರಿಂದ 1,200 ಮೀಟರ್ ಆಳದವರೆಗೆ ಆಮ್ಲಜನಕ ತೀರ ಕಡಿಮೆಯಿರುವ ನೀರಿನಡಿಯಲ್ಲಿ, ಇದು ಹಲವು ಪಟ್ಟು ಹೆಚ್ಚು. ಇದಕ್ಕೆ ಆಮ್ಲಜನಕದ ಕೊರತೆ ಕಾರಣವೋ, ಮುಂಗಾರಿನಲ್ಲಿ ಹೆಚ್ಚುವ ಪ್ಲವಕಗಳ ಬೆಳೆ ಕಾರಣವೋ ಎಂಬ ವಾದ ನಿಂತಿರುವುದೇ ಇಂಥ ಅಳತೆಗಳ ಮೇಲೆ.

ಹೂಳಿನಲ್ಲಿ ಚಿಪ್ಪು, ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳ ಕವಚಗಳ ಕಾರ್ಬೊನೇಟ್ ಇಂಗಾಲವೂ ಇರುತ್ತದೆ. ಅಳತೆಗಾಗಿ ಹೂಳನ್ನು ಕುಲುಮೆಯಲ್ಲಿ ಉರಿಸಿದಾಗ ಸಾವಯವ, ಕಾರ್ಬೊನೇಟ್ ಎರಡೂ ಇಂಗಾಲದ ಡೈಆಕ್ಸೈಡ್ ಆಗುವುದರಿಂದ ಅಳೆಯುವ ಯಂತ್ರಕ್ಕೆ ಭೇದ ತಿಳಿಯದು. ಫಲಿತಾಂಶವನ್ನು ನಂಬಬಹುದೇ ಎಂಬುದು ಬಹುಮಟ್ಟಿಗೆ ಕುಲುಮೆಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಒಟ್ಟು ಇಂಗಾಲದಿಂದ ಕಾರ್ಬೊನೇಟ್ ಇಂಗಾಲವನ್ನು ಕಳೆಯುವುದು ಒಂದು ದಾರಿ. ಆದರೆ ಶೇ. 80ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಮಾದರಿಯಲ್ಲಿ ಅದರ ಇಂಗಾಲವೇ ಶೇ. 9.6. ಒಟ್ಟು ಶೇ. 10.0 ಬಂದರೆ ಸಾವಯವದ ಪಾಲು 0.4. ಒಟ್ಟು ಅಳತೆ ನೂರಕ್ಕೆ ಒಂದರಷ್ಟು ತಪ್ಪಿದರೂ ಆ 0.4 ಎಂಬುದು 0.3 ಅಥವಾ 0.5 ಆಗಿಬಿಡುತ್ತದೆ. ಕಾರ್ಬೊನೇಟನ್ನು ತೆಗೆಯಲು ಹೂಳನ್ನು ಆಮ್ಲದಲ್ಲಿ ನೆನೆಸಿ ತೊಳೆದರೋ, ಕರಗುವ ಸಾವಯವ ಅಂಶವೂ ನೀರಿನೊಡನೆ ಹೋಗುತ್ತದೆ. ನುಣ್ಣಗೆ ಅರೆದ ಕೆಲವು ಮಿಲಿಗ್ರಾಂ ಹೂಳನ್ನು ಬೆಳ್ಳಿಯ ಪುಟ್ಟ ಬಟ್ಟಲಿನಲ್ಲಿ ತೂಗಿ, ತುಸು ತೇವ ಮಾಡಿ, ಮುಚ್ಚಿದ ಪಾತ್ರೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿಗೆ ಒಡ್ಡುವುದೇ ಹೆಚ್ಚು ಸುರಕ್ಷಿತ. ತವರದ ಬಟ್ಟಲಾದರೆ ಆಮ್ಲ ಅದನ್ನು ತಿಂದುಹಾಕುತ್ತದೆ. ಡಾಲೊಮೈಟ್ ಇದ್ದರೆ ಆವಿಗೆ ಇನ್ನಷ್ಟು ಹೊತ್ತು ಬೇಕು.

ಒಣಗಿದ ಬಟ್ಟಲನ್ನು ಮಡಚಿ, ತವರದ ಹಾಳೆಯಲ್ಲಿ ಸುತ್ತಿ, 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಗೆ ಬೀಳಿಸುತ್ತಾರೆ. ಆಮ್ಲಜನಕದಲ್ಲಿ ತವರ ಹೊತ್ತಿಕೊಂಡಾಗ ಶಾಖ ಕ್ಷಣಕಾಲ 1,800 ಡಿಗ್ರಿಯ ಹತ್ತಿರ ಹೋಗುತ್ತದೆ. ಹೊಮ್ಮಿದ ಸಾರಜನಕದ ಆಕ್ಸೈಡುಗಳನ್ನು ಕಾದ ತಾಮ್ರ ಸಾರಜನಕ ಅನಿಲವಾಗಿಸುತ್ತದೆ. ಹೀಲಿಯಂ ಜೊತೆ ಸಾಗುವ ಅನಿಲಗಳನ್ನು ಬೇರ್ಪಡಿಸಿ, ಉಷ್ಣವಾಹಕತೆಯ ವ್ಯತ್ಯಾಸದಿಂದ ಅಳೆಯುತ್ತಾರೆ. ಇಂಗಾಲ ಶೇ. 71.09, ಸಾರಜನಕ ಶೇ. 10.36 ಇರುವ ಅಸಿಟನಿಲೈಡ್ ರೂಢಿಯ ಮಾನಕ. 1934ರ ವಾಕ್ಲಿ–ಬ್ಲ್ಯಾಕ್ ಡೈಕ್ರೋಮೇಟ್ ವಿಧಾನ ಅಗ್ಗವಾದರೂ ಕಡಲ ಮಾದರಿಗಳಲ್ಲಿ ಉಪ್ಪಿನ ಕ್ಲೋರೈಡ್ ಇಂಗಾಲದ ಲೆಕ್ಕವನ್ನು ಹಿಗ್ಗಿಸುತ್ತದೆ.

ಆಮ್ಲ ಸಾರಜನಕದ ಅಳತೆಯನ್ನೂ ಏರುಪೇರು ಮಾಡಬಲ್ಲುದರಿಂದ ಅದನ್ನು ಆಮ್ಲ ತಾಕದ ಇನ್ನೊಂದು ಪಾಲಿನಲ್ಲಿ ಅಳೆಯುವುದು ಮೇಲು. ಇಂಗಾಲ–ಸಾರಜನಕದ ಪರಮಾಣು ಅನುಪಾತ ಸಾಗರ ಪ್ಲವಕಗಳಲ್ಲಿ ಸರಾಸರಿ 6.6, ನೆಲದ ಗಿಡಮರಗಳಲ್ಲಿ ಸಾಮಾನ್ಯವಾಗಿ 20ಕ್ಕೂ ಹೆಚ್ಚು. ಹೂಳು ಕಡಲಿನದೋ ನದಿ ತಂದದ್ದೋ ಎಂದು ಇದರಿಂದ ಊಹಿಸುತ್ತಾರೆ. ಆದರೆ ಇಂಗಾಲ ಕಡಿಮೆಯಿರುವ ಜೇಡಿಯಲ್ಲಿ ಎಚ್ಚರ ಬೇಕು. ಇಲೈಟ್ ಖನಿಜದ ಪದರಗಳಲ್ಲಿ ಸಿಕ್ಕಿಕೊಂಡ ಅಮೋನಿಯಂ ಕೂಡ ಸಾರಜನಕದ ಲೆಕ್ಕಕ್ಕೆ ಸೇರಿ, ನೆಲದಿಂದ ಬಂದ ಹೂಳೂ ಕಡಲಿನದೆಂಬಂತೆ ತೋರುತ್ತದೆ. ಸಾರಜನಕವನ್ನು ಸಾವಯವ ಇಂಗಾಲಕ್ಕೆದುರಾಗಿ ನಕ್ಷೆಯಲ್ಲಿ ಗುರುತಿಸಿ ರೇಖೆ ಎಳೆದಾಗ, ಇಂಗಾಲ ಸೊನ್ನೆಯಾದಲ್ಲಿಯೂ ಉಳಿಯುವ ಸಾರಜನಕವೇ ಈ ಅಮೋನಿಯಂನ ಅಂದಾಜು.