ಇಪ್ಪತ್ತೈದೋ ಮೂವತ್ತೋ?

ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷ. ನಮ್ಮ ದೇಶ ಒಪ್ಪಿಕೊಂಡದ್ದು ಪಾಲ್ ಪದ್ಧತಿಯನ್ನು: ಚಿತ್ರವೊಂದಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಗೆರೆಗಳು 525. ಚಿತ್ರಗಳು ಮೊದಲು ಮೂವತ್ತೇ ಇದ್ದವು. 1953ರಲ್ಲಿ ಬಣ್ಣವನ್ನು ಸೇರಿಸುವಾಗ ಬಣ್ಣದ ಸಂಕೇತ ಧ್ವನಿಯ ಸಂಕೇತದೊಡನೆ ತೊಡರಿಕೊಳ್ಳದಿರಲೆಂದು ಅದನ್ನು 29.97ಕ್ಕೆ ಇಳಿಸಿದರು. ಹಳೆಯ ಕಪ್ಪು-ಬಿಳುಪು ಟಿ.ವಿ.ಗಳು ಮೂಲೆಗುಂಪಾಗಬಾರದೆಂಬ ಸೌಜನ್ಯವದು. ಅದರ ಸುಂಕವನ್ನು ಮುನಿರ್ಕಾದಲ್ಲಿ ಕುಳಿತ ನಾವು ಇಂದಿಗೂ ಕಟ್ಟುತ್ತಿದ್ದೇವೆ.

ಮುನಿರ್ಕಾ, ಆರ್.ಕೆ. ಪುರಂ ಭಾಗದ ಕನ್ನಡ ಮನೆಗಳಲ್ಲಿ ಉಳಿದ ವಿಡಿಯೊಗಳನ್ನು ಒಂದು ಸಾಕ್ಷ್ಯಚಿತ್ರವಾಗಿ ಜೋಡಿಸಲು ಹೊರಟಾಗ ನಮ್ಮ ಮುಂದೆ ನಾಲ್ಕು ಕಾಲಗಳು ಬಂದು ಕುಳಿತವು. ವಿಎಚ್‌ಎಸ್ ಕ್ಯಾಸೆಟ್ಟು, ಅಮೆರಿಕದ ಮಗ ತಂದ ಕ್ಯಾಮೆರಾದ ಎನ್‌ಟಿಎಸ್‌ಸಿ ಟೇಪು, 1995ರ ನಂತರದ ಮಿನಿಡಿವಿ, ಕೊನೆಗೆ ಮೊಬೈಲ್ ಕಡತಗಳು. ಮೊಬೈಲಿನದು ಇನ್ನೊಂದು ಬಗೆ: ಬೆಳಕು ಕುಗ್ಗಿದರೆ ಸೆಕೆಂಡಿನ ಚಿತ್ರಗಳ ಸಂಖ್ಯೆಯೂ ಕುಗ್ಗಬಹುದು.

29.97ನ್ನು ಸಂಕಲನದ ತಂತ್ರಾಂಶ 30 ಎಂದು ಓದಿದರೆ ಒಂದು ಗಂಟೆಯ ದೃಶ್ಯ ತನ್ನ ಧ್ವನಿಗಿಂತ 3.6 ಸೆಕೆಂಡು ಮೊದಲೇ ಮುಗಿಯುತ್ತದೆ. ಭಾಷಣದಲ್ಲಿ ಇದನ್ನು ಹೇಗೋ ಸಹಿಸಬಹುದು, ಯಕ್ಷಗಾನದಲ್ಲಿ ಆಗದು. ವೇಷಧಾರಿಯ ಹೆಜ್ಜೆ ನಿಂತ ಮೇಲೆ ಚೆಂಡೆಯ ಪೆಟ್ಟು ಕೇಳಿದರೆ, ತಾಳ ತಪ್ಪಿದವರು ಕಲಾವಿದರೇ ಎಂದು ಮುಂದಿನವರು ತಿಳಿದಾರು.

ಆದ್ದರಿಂದ ಎಲ್ಲವನ್ನೂ ಮೊದಲು ಸ್ಥಿರವಾದ 25 ಚಿತ್ರಗಳ, ಹೆಚ್ಚು ಒತ್ತಡಕ್ಕೊಳಗಾಗದ ಒಂದೇ ಬಗೆಯ ಕಡತಕ್ಕೆ ಎಫ್‌ಎಫ್‌ಎಂಪೆಗ್‌ನಿಂದ ಪರಿವರ್ತಿಸಿ, ಆಮೇಲಷ್ಟೇ ಕತ್ತರಿ ಹಾಕುತ್ತೇವೆ. ಕಡತಗಳು ಹತ್ತಾರು ಪಟ್ಟು ಉಬ್ಬುತ್ತವೆ, ಉಬ್ಬಲಿ. ಮೂಲವನ್ನು ಮಾತ್ರ ಅಳಿಸುವುದಿಲ್ಲ.

ಅದಕ್ಕೆ ಕಾರಣವಿದೆ. ಡಿವಿಡಿಯ ಭರಾಟೆಯ ದಿನಗಳಲ್ಲಿ ಹಲವು ಮನೆಯವರು ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿ, ಕ್ಯಾಸೆಟ್ಟನ್ನು ಕಬಾಡಿಯವನಿಗೆ ಹಾಕಿದರು. ಅಂಥದೊಂದು ಡಿವಿಡಿಯಲ್ಲಿ ಈಗಿಲ್ಲದ ಹಿರಿಯರೊಬ್ಬರು ಗಮಕ ವಾಚನ ಮಾಡುತ್ತಾರೆ. ಮುಖ ಚೌಕಚೌಕವಾಗಿ ಒಡೆದಿದೆ, ದನಿ ಅರ್ಧ ಸೆಕೆಂಡು ಹಿಂದಿದೆ. ದನಿಯನ್ನು ನಾವು ಸರಿಸಿ ಕೂರಿಸಿದೆವು. ಮುಖವನ್ನು ಮರಳಿಸಲು ಮೂಲವೇ ಇಲ್ಲ.

ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳಿರುವವರು ಅದರ ಮೇಲೆ ಪಾಲ್ ಎಂದೋ ಎನ್‌ಟಿಎಸ್‌ಸಿ ಎಂದೋ ಬರೆದು, ಚಾಲೂ ಸ್ಥಿತಿಯ ಯಂತ್ರವೊಂದನ್ನು ಈಗಲೇ ಹುಡುಕಿಕೊಳ್ಳುವುದು ಒಳ್ಳೆಯದು. ನಮ್ಮಲ್ಲೊಂದಿದೆ, ತರುವವರಿಗೆ ಬಾಗಿಲು ತೆರೆದಿದೆ.