ಬಳ್ಳಿಗಾವೆಯ ಮಠವೂ ಮದಾತ್ಯಯವೂ

ಕಳಚುರಿ ಬಿಜ್ಜಳನು ತೆಂಕಣ ಸೀಮೆಗಳನ್ನು ಅಂಕೆಗೆ ತರಲೆಂದು ದಂಡೆತ್ತಿ ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟದ್ದು 1162ರಲ್ಲಿ. ಬನವಾಸಿ ಹನ್ನೆರಡು ಸಾವಿರ ನಾಡಿಗೆ ಅದು ರಾಜಧಾನಿ ಪಟ್ಟಣ. ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಅರಸನ ಆ ಭೇಟಿಯ ನೆನಪಿಗೆ ನಿಂತ ಶಾಸನ ದಕ್ಷಿಣ ಕೇದಾರೇಶ್ವರನಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಹೇಳುವ ಮೊದಲು ಆ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಬಣ್ಣಿಸುತ್ತದೆ. ಆ ಬಣ್ಣನೆಯೆದುರು ದತ್ತಿಯ ವಿವರವೇ ಸಪ್ಪೆಯಾಗಿ ಕಾಣುತ್ತದೆ.

ನಾಲ್ಕು ವೇದಗಳ ಪಾಠ, ಪಾಣಿನಿ–ಶಾಕಟಾಯನರ ವ್ಯಾಕರಣ, ಷಡ್ದರ್ಶನ, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅಲ್ಲಿ ಎಡೆಯಿತ್ತು. ಆಮೇಲೆ ಅನ್ನದ ಮಾತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ, ಹಲವು ಮತದ ಸನ್ಯಾಸಿಗಳಿಗೆ ಅಲ್ಲಿ ತಡೆಯಿಲ್ಲದೆ ಊಟ. ಕೊನೆಗೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ, ಸಕಲ ಪ್ರಾಣಿಗಳಿಗೆ ಅಭಯ. ರೋಗಿಯೂ ಹಾಡುಗಾರನೂ ಒಂದೇ ಮಠದ ಅನ್ನ ಉಂಡರು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬಂದ ರೋಗಗಳು ಯಾವುವೆಂದು ಕಲ್ಲು ಹೇಳುವುದಿಲ್ಲ. ಆದರೆ ಕುಡಿತವನ್ನು ರೋಗವೆಂದು ಬಲ್ಲ ಶಾಸ್ತ್ರ ಆ ಕಾಲದ ವೈದ್ಯರ ಕೈಯಲ್ಲಿತ್ತು, ಕುಡಿತವೂ ನಾಡಿನಲ್ಲಿತ್ತು. ಬಳ್ಳಿಗಾವೆಯನ್ನು ಕೆಲವೇ ದಶಕಗಳ ಹಿಂದೆ ಆಳಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಮದಿರಾಪಾನಕ್ಕೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅರಮನೆಯಲ್ಲಿ ಕ್ರೀಡೆಯಾಗಿದ್ದುದು ಕೇರಿಯಲ್ಲಿ ಏನಾಗಿತ್ತೆಂದು ಬರೆದಿಡಲು ಯಾವ ಅರಸನೂ ಮುಂದಾಗಲಿಲ್ಲ.

ವೈದ್ಯರು ಇದಕ್ಕೆ ಮದಾತ್ಯಯ ಎಂದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಕಾರಣಗಳನ್ನು ಹೇಳುವಾಗ ಆ ಗ್ರಂಥ ಕುಡುಕನ ನಡತೆಯಿಂದ ಮಾತು ತೆಗೆಯುವುದಿಲ್ಲ. ಶೋಕದಿಂದ, ಭಯದಿಂದ, ಹೊರೆ ಹೊತ್ತು, ದಾರಿ ನಡೆದು ಸೊರಗಿದವನು ಒಣ ಅನ್ನವನ್ನು ಅರೆಹೊಟ್ಟೆ ಉಂಡು ರಾತ್ರಿ ಕುಡಿದರೆ ವಾತದ ಮದಾತ್ಯಯ ಹಿಡಿಯುತ್ತದೆ ಎನ್ನುತ್ತದೆ. ಗದ್ದೆಯ ಕೆಲಸ ಮುಗಿಸಿ, ಸಾಲದ ಚಿಂತೆ ಹೊತ್ತು ಅಂಗಡಿಯ ಕಡೆ ತಿರುಗುವ ಆಳು ಇಲ್ಲಿ ಇಡಿಯಾಗಿ ಕಾಣುತ್ತಾನಲ್ಲವೆ? ಲಕ್ಷಣಗಳೂ ಅಷ್ಟೇ ನಿಚ್ಚಳ: ಬಿಕ್ಕಳಿಕೆ, ಏದುಸಿರು, ತಲೆಯ ನಡುಕ, ಪಕ್ಕೆನೋವು, ನಿದ್ದೆಗೇಡು, ಬಡಬಡಿಕೆ. ರೋಗಿಗೆ ಇಲ್ಲದ ರೂಪಗಳು ಕಾಣುತ್ತವೆ. ಹುಲ್ಲು, ಬೂದಿ, ಬಳ್ಳಿ, ತರಗೆಲೆಗಳು ತನ್ನನ್ನು ಮುಚ್ಚುತ್ತಿವೆಯೆಂದೂ ಹಕ್ಕಿಗಳು ಮೇಲೆರಗುತ್ತಿವೆಯೆಂದೂ ಅವನು ಭ್ರಮಿಸುತ್ತಾನೆ. ಬಹುಕಾಲ ಕುಡಿದವರು ತಟ್ಟನೆ ನಿಲ್ಲಿಸಿದಾಗ ಎರಡು–ನಾಲ್ಕು ದಿನಗಳಲ್ಲಿ ಹುಟ್ಟುವ ನಡುಕ–ಸನ್ನಿಯನ್ನು ಇಂದಿನ ಆಸ್ಪತ್ರೆಯಲ್ಲಿ ಕಂಡವರಿಗೆ ಈ ಸಾಲುಗಳು ಅಚ್ಚರಿ ಹುಟ್ಟಿಸುತ್ತವೆ. ಬಿಟ್ಟವನು ಮತ್ತೆ ಒಮ್ಮೆಲೇ ಮಿತಿಮೀರಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ಬೇರೆಯೇ ರೋಗಗಳು ಬರುತ್ತವೆಂದೂ ಅಲ್ಲಿ ಎಚ್ಚರಿಕೆಯಿದೆ.

ಚಿಕಿತ್ಸೆಯ ವಿಷಯದಲ್ಲಿ ಕನ್ನಡ ನಾಡು ಎರಡು ದಾರಿಗಳನ್ನು ಕಂಡಿತು. ಚರಕನ ಮತದಂತೆ ತಪ್ಪಾಗಿ, ಅತಿಯಾಗಿ ಕುಡಿದುದರಿಂದ ಬಂದ ರೋಗ ಅದೇ ಮದ್ಯವನ್ನು ಅಳತೆಯಲ್ಲಿ ಕೊಟ್ಟರೆ ಶಮನವಾಗುತ್ತದೆ. ದೇಹದ ಸಾರವೆನಿಸಿದ ಓಜಸ್ಸಿನ ಹತ್ತು ಗುಣಗಳಿಗೆ ಮದ್ಯದ ಹತ್ತು ಗುಣಗಳು ಹಗೆ. ಹಾಲಿನ ಗುಣಗಳಾದರೋ ಓಜಸ್ಸಿನ ಗುಣಗಳೇ. ಆದ್ದರಿಂದ ಮುಂದೆ ಹಾಲು. ಎರಡನೆಯ ದಾರಿ ಜೈನ ವೈದ್ಯರದು. ಉಗ್ರಾದಿತ್ಯನ ‘ಕಲ್ಯಾಣಕಾರಕ’ ಮದ್ಯ, ಮಾಂಸ, ಜೇನುಗಳನ್ನು ಔಷಧದಲ್ಲಿಯೂ ಮುಟ್ಟಲಿಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಬರೆದ ‘ಕರ್ಣಾಟಕ ಕಲ್ಯಾಣಕಾರಕ’ವೂ ಅದೇ ವ್ರತ ಹಿಡಿಯಿತು. ಬಳ್ಳಿಗಾವೆಗೆ ಹತ್ತಿರದ, ಇಂದು ಸೊರಬ ತಾಲ್ಲೂಕಿಗೆ ಸೇರಿದ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವದೇವನ ಬಸದಿಗೆ ದತ್ತಿ ಬಿಟ್ಟಿದ್ದಳು. ಹೀಗೆ ಒಂದು ಹಗಲ ನಡಿಗೆಯಷ್ಟು ಸೀಮೆಯಲ್ಲಿ ಎರಡೂ ಮತದವರು ಬಾಳಿದರು. ಇಳಿಸುತ್ತ ಬಿಡಿಸಬೇಕೆ, ತೊಟ್ಟೂ ಮುಟ್ಟಿಸದೆ ಬಿಡಿಸಬೇಕೆ ಎಂಬ ವಾದ ಇವತ್ತಿನದಲ್ಲ.

ನನಗೆ ಚರಕನ ಅಧ್ಯಾಯದಲ್ಲಿ ಹೆಚ್ಚು ಹಿಡಿಸುವುದು ಬೇರೊಂದು ಸಂಗತಿ. ಮನಸ್ಸನ್ನು ಕದಡದೆ, ಮೈಯನ್ನು ಕೆಡಿಸದೆ ಮದ್ಯ ಈ ರೋಗವನ್ನು ತರಲಾರದು. ಆದ್ದರಿಂದ ಮನಸ್ಸಿಗೆ ಹರ್ಷ ತರುವ ಉಪಚಾರ ಬೇಕು ಎನ್ನುತ್ತಾನೆ. ಹಸುರು ತೋಪು, ತಾವರೆಗೊಳ, ಒಳ್ಳೆಯ ಊಟ, ಇಷ್ಟದ ಗೆಳೆಯರು, ಹಾಡು. ಕೋಡಿಯ ಮಠದ ಪಟ್ಟಿಗೆ ಮರಳಿ ನೋಡಿ: ಕಥೆಗಾರರು, ಹಾಡುಗಾರರು, ವಾದ್ಯದವರು. ಪಕ್ಕದಲ್ಲಿ ಕೆರೆಯೂ ಇತ್ತು. ಮಠದವರು ಇದನ್ನು ಮದಾತ್ಯಯಕ್ಕೆಂದೇ ಏರ್ಪಡಿಸಿದರೆಂದು ನಾನು ಹೇಳಲಾರೆ. ಆದರೆ ಶಾಸ್ತ್ರ ಬೇಡಿದ ಸಾಮಗ್ರಿಯೆಲ್ಲ ಅಲ್ಲಿ ಒಂದೆಡೆ ಕೂಡಿತ್ತು.

ವಿಚಿತ್ರವೆಂದರೆ ಈ ಮಠವನ್ನು ನಡೆಸುತ್ತಿದ್ದ ಕಾಳಾಮುಖ ಶೈವರ ಮೇಲೆಯೇ ಹೆಂಡದ ಅಪವಾದವಿತ್ತು. ಸುರೆಯ ಕುಂಭವಿಟ್ಟು ಅದರಲ್ಲಿ ದೇವರನ್ನು ಪೂಜಿಸುವವರು ಎಂದು ರಾಮಾನುಜರ ಶ್ರೀಭಾಷ್ಯ ಅವರನ್ನು ಕರೆದಿದೆ. ಕಾಪಾಲಿಕರೆಂಬ ಬೇರೊಂದು ಶೈವ ಪಂಥದವರ ಆಚಾರಗಳನ್ನು ಇವರ ತಲೆಗೆ ಕಟ್ಟಲಾಗಿದೆಯೆಂದು ಡೇವಿಡ್ ಲೊರೆಂಜನ್ 1972ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಬಳ್ಳಿಗಾವೆಯ ಶಾಸನಗಳನ್ನು ಓದಿದವರಿಗೆ ಲೊರೆಂಜನ್ನರ ಮಾತೇ ಸರಿಯೆನಿಸುತ್ತದೆ.

ಮಠದ ಕಾಲದ ಅದೇ 12ನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡ ಮಾರುವುದು ಅವನ ಕಾಯಕ, ಧರ್ಮೇಶ್ವರಲಿಂಗ ಅವನ ಅಂಕಿತ. ಕುಡಿಯಲು ಬಂದವರಿಗೆ ಅವನು ಅರಿವನ್ನೂ ಹೇಳುತ್ತಿದ್ದನೆಂದು ಪರಂಪರೆ ನೆನೆಯುತ್ತದೆ. ಮಾರುವವನೇ ಬಿಡಿಸಲು ಕೂತ ಪ್ರಸಂಗ ನಮ್ಮ ಚರಿತ್ರೆಯಲ್ಲಿ ಹೆಚ್ಚು ಸಿಗುವುದಿಲ್ಲ.

ಮುಂದಿನ ಶತಮಾನಗಳನ್ನು ಬೇಗ ದಾಟೋಣ. 1763ರಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಬಿದನೂರು ಹೈದರನ ಕೈಸೇರಿತು; ಅವನ ಮಗ ಟಿಪ್ಪು ಮದ್ಯವನ್ನು ನಿಷೇಧಿಸಲು ಹೊರಟನು. ಅವನ ನಂತರ ಬಂದ ಆಡಳಿತಗಳು ಅಬಕಾರಿಯನ್ನು ಗುತ್ತಿಗೆ ಕೊಟ್ಟು ಬೊಕ್ಕಸ ತುಂಬಿಕೊಂಡವು. ಮಠದ ಕಾಲದಲ್ಲಿ ರೋಗವಾಗಿದ್ದುದು ಈಗ ಲೆಕ್ಕದ ಪುಸ್ತಕದಲ್ಲಿ ಆದಾಯವಾಯಿತು. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ನಿಜಲಿಂಗಪ್ಪ ಮೊದಲಾದವರು ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದ್ದು ಆ ಆದಾಯದ ಬುಡಕ್ಕೇ ಇಟ್ಟ ಕೊಡಲಿ.

ಶಿಕಾರಿಪುರದಿಂದ ಆರಿಸಿ ಬಂದ ಯಡಿಯೂರಪ್ಪನವರು ಹಣಕಾಸು ಖಾತೆ ಹೊತ್ತಿದ್ದಾಗ, 2007ರ ಜುಲೈ 1ರಿಂದ, ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಇಂದು ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಬರುತ್ತದೆ.

ಅಂಗಡಿ ಮುಚ್ಚಿದ ಮಾತ್ರಕ್ಕೆ ಕೈನಡುಕ ನಿಲ್ಲುವುದಿಲ್ಲ. ಬಹುಕಾಲದ ಕುಡುಕನನ್ನು ಮನೆಯಲ್ಲಿ ಕೂಡಿಹಾಕಿ ತಟ್ಟನೆ ಬಿಡಿಸಿದರೆ ಸೆಳವು ಬರಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ವೈದ್ಯರು ನಡುಕ ತಗ್ಗಿಸುವ ಮಾತ್ರೆಯನ್ನು ಅಳತೆಯಿಂದ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಥಯಾಮಿನ್ ಕೊಡುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಮಾತಿಗೆ ಕೂರಿಸುತ್ತಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ಭಜನೆಯೂ ಇದೆ, ಮುಗಿದ ಮೇಲೆ ಬಿಟ್ಟವರು ಕೂಡುವ ನವಜೀವನ ಸಮಿತಿಯೂ ಇದೆ. ಚರಕನ ಹರ್ಷೋಪಚಾರ ಅಲ್ಲಿ ಮುಂದುವರಿದಂತೆ ತೋರುತ್ತದೆ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಮನೆಯವರು ರೋಗಿಯನ್ನು ಕರೆತರುವಾಗ ಎಷ್ಟು ವರ್ಷದಿಂದ ಕುಡಿತ, ಕೊನೆಯ ಗುಟುಕು ಯಾವಾಗ, ಹಿಂದೆ ಬಿಟ್ಟಾಗ ಸೆಳವು ಬಂದಿತ್ತೆ ಎಂಬುದನ್ನು ಮರೆಮಾಚದೆ ಹೇಳಬೇಕು; ಔಷಧದ ಅಳತೆ ನಿಲ್ಲುವುದು ಆ ಉತ್ತರಗಳ ಮೇಲೆ.